ಮೈಕ್ ಹಿಡಿಯುವ ಮುನ್ನ ಮುದ್ದೆ ತೂಗಿ

ಡಯೆಟಿಷಿಯನ್ ಆಗಿ ಪತ್ರಿಕೆ, ರೇಡಿಯೊ, ಯೂಟ್ಯೂಬ್‌ಗಳಲ್ಲಿ ಆಹಾರದ ಬಗ್ಗೆ ಸಲಹೆ ಕೊಡಬೇಕೆನ್ನುವ ಹುಡುಗ ಹುಡುಗಿಯರು ಈಗ ಬಹಳ. ಹೆಚ್ಚಿನವರು ಮೊದಲು ಮಾಡುವ ಕೆಲಸ ಚಾನೆಲ್‌ಗೊಂದು ಹೆಸರಿಡುವುದು. ಅದು ಕೊನೆಯ ಕೆಲಸ.

ಓದು ಮೊದಲು. ಪಿಯುಸಿಯಲ್ಲಿ ವಿಜ್ಞಾನ, ನ್ಯೂಟ್ರಿಷನ್ ಮತ್ತು ಡಯೆಟಿಕ್ಸ್‌ನಲ್ಲಿ ಬಿಎಸ್ಸಿ, ಮೇಲೆ ಎಂಎಸ್ಸಿ ಅಥವಾ ಪಿಜಿ ಡಿಪ್ಲೊಮಾ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಇಂಡಿಯನ್ ಡಯೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದರೆ ಹೆಸರಿನ ಜೊತೆ ‘ಆರ್‌ಡಿ’ (ರಿಜಿಸ್ಟರ್ಡ್ ಡಯೆಟಿಷಿಯನ್) ಎಂದು ಬರೆದುಕೊಳ್ಳಬಹುದು. ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟು ಇದಕ್ಕೆ ಸಮವಲ್ಲ, ಅದನ್ನು ಮಾರುವವರು ಏನೇ ಹೇಳಲಿ.

ಆಮೇಲೆ ಎರಡು ವರ್ಷವಾದರೂ ವಾರ್ಡಿನಲ್ಲಿ ದುಡಿಯಿರಿ. ಪೊಟ್ಯಾಸಿಯಂ ಏರಿದ ಕಿಡ್ನಿ ರೋಗಿಗೆ ಪ್ರೀತಿಯಿಂದ ಎಳನೀರು ತಂದ ನೆಂಟರನ್ನು ಬಾಗಿಲಲ್ಲೇ ತಡೆದು ಒಪ್ಪಿಸಿದ್ದರೆ, ‘ಎಲ್ಲರೂ ದಿನಾ ಎಳನೀರು ಕುಡಿಯಿರಿ’ ಎನ್ನುವಾಗ ಆ ‘ಎಲ್ಲರೂ’ ನಿಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಬರವಣಿಗೆ. ಒಂದು ಲೇಖನಕ್ಕೆ ಒಂದೇ ಪ್ರಶ್ನೆ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ, 2024ರ ಆಹಾರ ಮಾರ್ಗಸೂಚಿ, ಇವೆರಡೂ ಕೈಗೆಟುಕುವಂತಿರಲಿ. ಎಡವುವುದು ಕೋಷ್ಟಕದಿಂದ ತಟ್ಟೆಗೆ ಬರುವಾಗ. ನಾನೂ ಎಡವಿದ್ದೇನೆ.

‘100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ’ ಎಂದು ಬರೆದು, ಮುಂದಿನ ಸಾಲಿನಲ್ಲೇ ‘ಮುದ್ದೆ ಉಣ್ಣಿ’ ಎಂದಿದ್ದೆ. ವಾರದೊಳಗೆ ಒಬ್ಬ ತಾಯಿಯ ಪತ್ರ ಬಂತು: ‘ಮೂರು ಮುದ್ದೆಗೆ ಸಾವಿರ ದಾಟುತ್ತದಲ್ಲ ಮೇಡಂ, ಬಸುರಿ ಮಗಳ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದ್ದೇವೆ.’

ಅಂದು ಸಂಜೆ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟೆ. 100 ಗ್ರಾಂ ಹಿಟ್ಟು, 250 ಎಂಎಲ್ ಎಸರು. ಕೋಲಿನಲ್ಲಿ ತಿರುವಿ ಕಟ್ಟಿದಾಗ ತೂಕ 300 ಗ್ರಾಂ ದಾಟಿತು; ನಮ್ಮ ಮನೆಯ ಅಳತೆಗೆ ಸರಿಯಾಗಿ ಮೂರು ಮುದ್ದೆ. ಅಂದರೆ ಮೂರೂ ಸೇರಿದರೆ ಆ 364, ಒಂದಕ್ಕೆ 120ರ ಆಸುಪಾಸು. ಅದರಲ್ಲೂ ಎಲ್ಲವೂ ಮೈಗೆ ಹತ್ತುವುದಿಲ್ಲ. ಆ ಬಸುರಿ ಮಗಳಿಗೆ ಬೇಕಿದ್ದದ್ದು ದಿನಕ್ಕೆ 1000. ಕೋಷ್ಟಕದ ಅಂಕಿ ಒಣ ರಾಗಿಯದು, ಮುದ್ದೆಯೊಳಗೆ ಮುಕ್ಕಾಲು ಪಾಲಿನ ಹತ್ತಿರ ನೀರು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಬರೆಯಲಿಲ್ಲ ಅಷ್ಟೆ. ಮಾತ್ರೆ ಮುಂದುವರಿಸಿ ಎಂದು ಆಗಲೇ ಉತ್ತರ ಕಳಿಸಿದೆ. ತಿದ್ದುಪಡಿ ಮಾತ್ರ ಮುಂದಿನ ವಾರ ಒಳಪುಟದ ಮೂಲೆಯಲ್ಲಿ ಎರಡು ಸಾಲಾಗಿ ಬಂತು. ಎಷ್ಟು ಜನ ಓದಿದರೋ!

ಬೇಳೆಯದೂ ಇದೇ ಕತೆ. ನೀವು ಹೇಳುವ ಪ್ರೋಟೀನು ಒಣಬೇಳೆಯದು, ತಿಳಿಸಾರಿನದಲ್ಲ. ಹಾಗಾಗಿ ಪ್ರತಿ ಅಂಕಿಯ ಪಕ್ಕ ಹಸಿಯೋ ಬೆಂದದ್ದೋ ಎಂದು ಬರೆಯಿರಿ. ಅಳತೆ ಲೋಟ, ಸೌಟು, ಹಿಡಿಯಲ್ಲಿರಲಿ. ಆದರೆ ಆ ಲೋಟಕ್ಕೆ ಎಷ್ಟು ಗ್ರಾಂ ಹಿಡಿಯುತ್ತದೆಂದು ನೀವೇ ಒಮ್ಮೆ ತೂಗಿ. ಹಳ್ಳಿಯ ಒಂದು ಮುದ್ದೆ ಹೋಟೆಲಿನಲ್ಲಿ ಎರಡಾದೀತು.

ರೇಡಿಯೊ ನೇರಪ್ರಸಾರದಲ್ಲಿ ಕೇಳುಗರು ಶುಗರ್ ರಿಪೋರ್ಟ್ ಓದಿ ಹೇಳಿ ಊಟದ ಪಟ್ಟಿ ಕೇಳುತ್ತಾರೆ. ಕೊಡಬೇಡಿ, ಔಷಧದ ಪ್ರಮಾಣದ ಬಗ್ಗೆಯಂತೂ ಬಾಯಿ ಬಿಡಬೇಡಿ.

ದುಡ್ಡಿನ ವಿಷಯ ಚುಟುಕಾಗಿ: ಅಂಕಣದ ಸಂಭಾವನೆಯಲ್ಲಿ ಮನೆ ನಡೆಯುವುದಿಲ್ಲ, ಕ್ಲಿನಿಕ್ ಬಿಡಬೇಡಿ. ಪ್ರೋಟೀನ್ ಪುಡಿಯ ಕಂಪನಿಗಳು ಬಂದೇ ಬರುತ್ತವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಮಾರ್ಗಸೂಚಿಗಳ ಪ್ರಕಾರ ಹಣ ಪಡೆದ ಪ್ರಚಾರವನ್ನು ಪ್ರಚಾರವೆಂದೇ ತಿಳಿಸಬೇಕು, ತಜ್ಞರೆಂದು ಮಾತಾಡುವವರು ತಮ್ಮ ಅರ್ಹತೆಯನ್ನೂ ಹೇಳಬೇಕು. ಮೊದಲ ಲೇಖನ ಕಳಿಸುವಾಗ ನಿಮ್ಮ ಡಿಗ್ರಿ ಮತ್ತು ನೋಂದಣಿಯ ವಿವರವನ್ನು ಕೊನೆಯಲ್ಲಿ ಸೇರಿಸಿ.