ತೆರೆಯ ಮೇಲಿನ ನೆತ್ತರು

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ‘ಸೈಕೋ’ ಚಲಚ್ಚಿತ್ರವನ್ನು ತೋರಿಸಿದೆವು. ಸ್ನಾನಗೃಹದ ಕೊಲೆಯ ದೃಶ್ಯ ಬಂದೊಡನೆ ಒಬ್ಬ ವಿದ್ಯಾರ್ಥಿ ಮುಖ ಬಿಳಿಚಿಕೊಂಡು ಎದ್ದು ಹೊರನಡೆದನು. ಕೆಲವರು ನಕ್ಕರು. “ಅದು ರಕ್ತವಲ್ಲವಯ್ಯ, ಚಾಕೊಲೇಟಿನ ಪಾಕ!” ಎಂದು ನಾನೂ ಹಾಸ್ಯಮಾಡಿದೆನು. ಬಾಗಿಲಾಚೆ ಅವನು ಗೋಡೆಗೊರಗಿ ಕುಸಿದಿದ್ದುದನ್ನು ಕಂಡಾಗ ನನ್ನ ಹಾಸ್ಯ ನನಗೇ ನಾಚಿಕೆಯನ್ನು ತಂದಿತು. ನಾನು ಹೇಳಿದುದು ಸತ್ಯವೇ ಆಗಿತ್ತು. ಆ ಸತ್ಯ ಅವನ ನೆರವಿಗೆ ಏಕೆ ಬರಲಿಲ್ಲ?

ಮೊದಲು ತೆರೆಯ ಮೇಲೆ ಇರುವುದೇನೆಂದು ನೋಡೋಣ. 1960ರಲ್ಲಿ ಬಿಡುಗಡೆಯಾದ ಈ ಚಿತ್ರ ಕಪ್ಪು-ಬಿಳುಪಿನದು. ಅಂಥ ಫಿಲ್ಮು ಬಣ್ಣವನ್ನು ಗುರುತಿಸದು. ಬೆಳಕಿನ ಹೆಚ್ಚುಕಡಿಮೆಯನ್ನು ಮಾತ್ರ ದಾಖಲಿಸುತ್ತದೆ. ರಕ್ತವು ನೀಲಿ ಮತ್ತು ಹಸಿರು ಬೆಳಕನ್ನು ಬಹುವಾಗಿ ಹೀರಿಕೊಳ್ಳುವುದರಿಂದ ಫಿಲ್ಮಿನಲ್ಲಿ ಕಪ್ಪಾಗಿ ಮೂಡುತ್ತದೆ. ಚಾಕೊಲೇಟಿನ ಪಾಕವೂ ಹಾಗೆಯೇ ಮೂಡುವುದರಿಂದ ನಮಗೆ ಭೇದ ತಿಳಿಯದು. ಕೊಲೆಯ ಭಾಗದ ಅವಧಿ ಸುಮಾರು 45 ಸೆಕೆಂಡು. ಸೆಕೆಂಡಿಗೆ 24 ಸ್ಥಿರಚಿತ್ರಗಳಂತೆ ಲೆಕ್ಕಹಾಕಿದರೆ ಒಟ್ಟು 1,080 ಚಿತ್ರಗಳಾದುವು. ಎತ್ತಿದ ಕತ್ತಿ, ಕೂಗುವ ಬಾಯಿ, ಹರಿಯುವ ನೀರು ಇವು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಸೀಳಿದ ಗಾಯವನ್ನು ಮಾತ್ರ ಎಲ್ಲಿಯೂ ತೋರಿಸಿಲ್ಲ. ಬರ್ನಾರ್ಡ್ ಹರ್ಮನ್ ಸಂಯೋಜಿಸಿದ ತಂತಿವಾದ್ಯಗಳ ಕರ್ಕಶ ನಾದದ ನಡುವೆ, ಆ ಗಾಯವನ್ನು ನಮ್ಮ ಮನಸ್ಸೇ ಕಲ್ಪಿಸಿಕೊಳ್ಳುತ್ತದೆ.

ಇನ್ನು ದೇಹದ ಕಡೆಗೆ ತಿರುಗೋಣ. ಅಪಾಯದ ಸೂಚನೆ ದೊರೆತೊಡನೆ, ಬುದ್ಧಿ ನಿಧಾನವಾಗಿ ವಿವೇಚಿಸುವುದಕ್ಕೆ ಮೊದಲೇ, ನರಮಂಡಲ ಎಚ್ಚರಗೊಳ್ಳುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ನಾಡಿ ತೀವ್ರವಾಗುತ್ತದೆ, ರೋಮಗಳು ನಿಮಿರುತ್ತವೆ. ‘ಇದು ಸುಳ್ಳು’ ಎಂಬ ಅರಿವು ಈ ಓಟವನ್ನು ಕೂಡಲೇ ನಿಲ್ಲಿಸಲಾರದು.

ಆದರೆ ನಮ್ಮ ವಿದ್ಯಾರ್ಥಿಯ ಸಂಗತಿ ಬೇರೆ. ಮರುದಿನ ನಾನು ಕ್ಷಮೆ ಕೇಳಿದಾಗ ಅವನು, “ದೆವ್ವದ ಕಥೆಗಳಿಗೆ ನಾನು ಅಂಜುವವನಲ್ಲ ಸಾರ್. ರಕ್ತಪರೀಕ್ಷೆಗೆ ಸೂಜಿ ಚುಚ್ಚಿದರೆ ಮಾತ್ರ ಕಣ್ಣು ಕತ್ತಲಿಡುತ್ತದೆ” ಎಂದನು. ನಮ್ಮ ಅಲಂಕಾರಿಕರು ಭಯಾನಕ, ಬೀಭತ್ಸಗಳನ್ನು ಎರಡು ಬೇರೆ ರಸಗಳೆಂದು ಎಣಿಸಿದುದು ಸುಮ್ಮನೆ ಅಲ್ಲ. ಭಯದಲ್ಲಿ ನಾಡಿ ಏರುತ್ತದೆ. ರಕ್ತವನ್ನೋ ಗಾಯವನ್ನೋ ಕಂಡಾಗ ಕೆಲವರಲ್ಲಿ ಅದು ಮೊದಲು ಏರಿ, ಬಳಿಕ ಒಮ್ಮೆಲೇ ಇಳಿಯುತ್ತದೆ. ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಕುಗ್ಗುತ್ತದೆ. ಎದೆಗಿಂತ ಮೇಲಿರುವ ಮಿದುಳಿಗೆ ಸಾಕಷ್ಟು ರಕ್ತ ಏರದೆ ಮೂರ್ಛೆ ಬರುತ್ತದೆ. ಅಂಥವರನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿದರೆ ಚೇತರಿಸಿಕೊಳ್ಳುತ್ತಾರೆ. ಕಣ್ಣು ಮಂಜಾಗುವ ಮುನ್ಸೂಚನೆ ತೋರಿದಾಗಲೇ ತೋಳು ತೊಡೆಗಳ ಸ್ನಾಯುಗಳನ್ನು ಬಿಗಿಹಿಡಿದರೆ ಒತ್ತಡ ಕುಸಿಯುವುದನ್ನು ತಡೆಯಬಹುದು. ಇದು ದೇಹದ ವ್ಯಾಪಾರ. ಹೇಡಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಇಂಥ ಚಿತ್ರಗಳನ್ನು ಮೆಚ್ಚುವವರು ಕ್ರೂರಿಗಳೇ? ಹಾಗೆಂದು ಹೇಳುವುದೂ ತಪ್ಪು. ಡಾಲ್ಫ್ ಜಿಲ್‌ಮನ್ ಎಂಬ ಮನೋವಿಜ್ಞಾನಿಯ ವಿವರಣೆಯಂತೆ, ಒಮ್ಮೆ ಕೆರಳಿದ ದೇಹ ತಕ್ಷಣ ತಣಿಯುವುದಿಲ್ಲ. ಉಳಿದ ಉದ್ವೇಗ ಅನಂತರದ ಭಾವದೊಡನೆ ಬೆರೆತು ಅದನ್ನು ಹೆಚ್ಚಿಸುತ್ತದೆ. ಅಪಾಯ ಕಳೆಯಿತೆಂಬ ನೆಮ್ಮದಿ ಅಷ್ಟು ಸವಿಯಾಗುವುದಕ್ಕೆ ಇದೊಂದು ಕಾರಣ. ಎಲ್ಲರಲ್ಲಿಯೂ ಈ ಸವಿ ಹುಟ್ಟುವುದಿಲ್ಲ. ಹುಟ್ಟಬೇಕೆಂಬ ನಿಯಮವೂ ಇಲ್ಲ.

ಇನ್ನೊಂದು ಮಾತುಂಟು. ಒಂದೇ ಬಗೆಯ ಪ್ರಚೋದನೆ ಮತ್ತೆ ಮತ್ತೆ ಒದಗಿದರೆ ಅದಕ್ಕೆ ದೇಹದ ಪ್ರತಿಕ್ರಿಯೆ ಕುಗ್ಗುತ್ತದೆ. ಹೊಸದಾಗಿ ಕೊಂಡ ಗಡಿಯಾರದ ಟಿಕ್‌ಟಿಕ್ ಕೆಲವು ದಿನಗಳಲ್ಲಿ ಕಿವಿಗೆ ಬೀಳದಂತಾಗುವುದಿಲ್ಲವೆ? ಆದುದರಿಂದ, ಹತ್ತು ಕೊಲೆಗಳ ಚಿತ್ರವನ್ನು ಕದಲದೆ ನೋಡಿದೆನೆಂದು ಹೆಮ್ಮೆಪಡುವವನು ಶೌರ್ಯವನ್ನು ಗಳಿಸಿರಬೇಕೆಂದಿಲ್ಲ. ಬರಿಯ ಅಭ್ಯಾಸವನ್ನು ಗಳಿಸಿರಬಹುದು.

ವಿದ್ಯಾರ್ಥಿಮಿತ್ರರೇ, ತೆರೆಯ ಮೇಲಿನ ನೆತ್ತರಿಗೆ ನಡುಗುವುದೂ ನಡುಗದಿರುವುದೂ ಬಹುಮಟ್ಟಿಗೆ ನಮ್ಮ ಕೈಯಲ್ಲಿಲ್ಲ. ನೋಡುವುದೋ, ಎದ್ದುಹೋಗುವುದೋ ನಮ್ಮ ಕೈಯಲ್ಲಿದೆ. ಪಕ್ಕದಲ್ಲಿ ಕುಳಿತು ಕಣ್ಣುಮುಚ್ಚಿಕೊಂಡವನನ್ನು ಹೇಗೆ ಕಾಣಬೇಕೆಂಬುದಂತೂ ಪೂರ್ಣವಾಗಿ ನಮಗೇ ಸೇರಿದ್ದು. ಅಂದು ತೆರೆಯ ಮೇಲೆ ಇದ್ದುದು ಸುಳ್ಳು ಯಾತನೆ. ಬಾಗಿಲಾಚೆ ಇದ್ದುದು ನಿಜವಾದ ಸಂಕಟ. ಮೊದಲನೆಯದರ ಗುಟ್ಟು ಬಲ್ಲವನೆಂಬ ಹಮ್ಮಿನಲ್ಲಿ ಎರಡನೆಯದನ್ನು ನೋಡಿ ನಕ್ಕವರ ಗುಂಪಿನಲ್ಲಿ ನಾನೂ ಇದ್ದೆನು.