ರೂನ್‌ಸ್ಕೇಪ್‌ನಲ್ಲಿ ಮೊದಲ ಹತ್ತು ಸಾವಿರ: ಯಾವುದಕ್ಕೆ ಖರ್ಚು ಮಾಡಬೇಕು?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಹಾಸ್ಟೆಲ್ ಕಾರಿಡಾರ್‌ನ ಆರು ಜನ ಒಟ್ಟಿಗೆ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಶುರು ಮಾಡಿದ್ವಿ. ಮೂರು ವಾರ ಆದ್ಮೇಲೆ ಆಡ್ತಾ ಇದ್ದಿದ್ದು ಇಬ್ಬರೇ. ಆಟ ಕಷ್ಟ ಅಂತ ಉಳಿದ ನಾಲ್ಕು ಜನ ಬಿಡಲಿಲ್ಲ. ಕಷ್ಟಪಟ್ಟು ಕೂಡಿಸಿದ ಮೊದಲ ದುಡ್ಡನ್ನ ತಪ್ಪು ವಸ್ತುಗಳಿಗೆ ಸುರಿದು, ಮತ್ತೆ ಸೊನ್ನೆಯಿಂದ ಶುರು ಮಾಡೋಕೆ ಬೇಜಾರಾಗಿ ಬಿಟ್ಟರು. ನಾನೂ ಹಾಗೇ ಒಂದ್ಸಲ ಮುಳುಗಿದ್ದೀನಿ, ಆ ಕಥೆ ಕೊನೆಯಲ್ಲಿ ಹೇಳ್ತೀನಿ. ಈ ರಜೆಯಲ್ಲಿ ಶುರು ಮಾಡೋರು ಅದೇ ಗುಂಡಿಗೆ ಬೀಳಬಾರದು ಅಂತ ಈ ಲೇಖನ.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿಯ ರೂನ್‌ಸ್ಕೇಪ್ ಆಟ ಶುರುವಾಗಿದ್ದು 2001ರಲ್ಲಿ. ಆಟ ತುಂಬಾ ಬದಲಾಗಿದೆ ಅಂತ ಹಳೇ ಆಟಗಾರರು ಬೇಸರ ಮಾಡಿಕೊಂಡಾಗ, 2007ರ ಆಗಸ್ಟ್ ತಿಂಗಳ ಬ್ಯಾಕಪ್ ಒಂದನ್ನ ತೆಗೆದು 2013ರ ಫೆಬ್ರವರಿಯಲ್ಲಿ ‘ಓಲ್ಡ್ ಸ್ಕೂಲ್’ ಹೆಸರಲ್ಲಿ ಬಿಟ್ಟರು. 2018ರಿಂದ ಮೊಬೈಲಲ್ಲೂ ಇದೆ, ಲ್ಯಾಪ್‌ಟಾಪ್‌ನ ಅಕೌಂಟೇ ಅಲ್ಲೂ ನಡೆಯುತ್ತೆ. ಉಚಿತ ಭಾಗವೇ ತಿಂಗಳುಗಟ್ಟಲೆ ಆಡುವಷ್ಟಿದೆ. ಹಾಗಾಗಿ ಇಲ್ಲಿ ಹೇಳೋದೆಲ್ಲ ಉಚಿತ ಆಟಗಾರರಿಗೆ. ಆಟದ ನಾಣ್ಯಕ್ಕೆ ಎಲ್ಲರೂ ‘ಜಿಪಿ’ ಅಂತಾರೆ, ನಾನೂ ಹಾಗೇ ಬರೀತೀನಿ.

ಮೊದಲ ದುಡ್ಡು ಎಲ್ಲಿಂದ?

ಟ್ಯುಟೋರಿಯಲ್ ದ್ವೀಪ ಮುಗಿಸಿ ಲುಂಬ್ರಿಡ್ಜ್ ಊರಿಗೆ ಬಂದಾಗ ನಿಮ್ಮ ಬ್ಯಾಂಕಲ್ಲಿ ಇರೋದು ಬರೀ 25 ಜಿಪಿ. ಹೆಚ್ಚಿನವರು ಹಸು ಕೊಂದು ಚರ್ಮ ಮಾರೋಕೆ ಕೂರ್ತಾರೆ. ಅದಕ್ಕಿಂತ ಬೇಗ ಸಿಗೋ ದುಡ್ಡು ಬೇರೆ ಕಡೆ ಇದೆ. ಬಾರ್ಬೇರಿಯನ್ ವಿಲೇಜ್‌ನಲ್ಲಿ ನೆಲದಲ್ಲಿ ಒಂದು ದೊಡ್ಡ ಗುಂಡಿ ಇದೆ, ಅದರೊಳಗೆ ‘ಸ್ಟ್ರಾಂಗ್‌ಹೋಲ್ಡ್ ಆಫ್ ಸೆಕ್ಯೂರಿಟಿ’. ಅಲ್ಲಿನ ಬಾಗಿಲುಗಳು ಪಾಸ್‌ವರ್ಡ್, ಮೋಸದ ಲಿಂಕ್ ಇಂಥದ್ದರ ಬಗ್ಗೆ ಪ್ರಶ್ನೆ ಕೇಳುತ್ತವೆ, ಸರಿಯಾಗಿ ಉತ್ತರ ಕೊಟ್ಟರೆ ತೆರೆಯುತ್ತವೆ. ಮೊದಲ ಮಹಡಿಯ ಕೊನೆಗೆ 2,000, ಎರಡನೇದಕ್ಕೆ 3,000, ಮೂರನೇದಕ್ಕೆ 5,000 ಜಿಪಿ. ನಾಲ್ಕನೇದಕ್ಕೆ ಒಂದು ಜೊತೆ ಬೂಟು. ಒಟ್ಟು 10,000, ಒಂದೇ ಸಲ ಸಿಗೋದು.

ಕೆಳಗಿನ ಮಹಡಿಗಳ ಪ್ರಾಣಿಗಳು ಹೊಸಬರನ್ನ ಸುಲಭವಾಗಿ ಸಾಯಿಸುತ್ತವೆ. ಅದಕ್ಕೇ ಕೈಯಲ್ಲಿ ಬೆಲೆಬಾಳೋದು ಏನೂ ಇಲ್ಲದಾಗಲೇ ಹೋಗಿ. ಬೇಯಿಸಿದ ಮೀನು ತುಂಬಿಕೊಂಡು, ಜಗಳ ಆಡದೆ, ಬಾಗಿಲಿಂದ ಬಾಗಿಲಿಗೆ ಓಡಿ. ಸತ್ತರೆ ಮತ್ತೆ ಹೋದರಾಯ್ತು.

ಈ ಹತ್ತು ಸಾವಿರವೇ ನಮ್ಮ ಬಜೆಟ್.

ಕೊಳ್ಳುವ ಮುಂಚೆ ಒಂದೇ ಪ್ರಶ್ನೆ

ಅಂಗಡಿ ಮುಂದೆ ನಿಂತಾಗ ‘ಇದು ಎಷ್ಟು ಪವರ್ ಕೊಡುತ್ತೆ?’ ಅಂತ ಕೇಳಬೇಡಿ. ‘ಇದು ನನ್ನ ಎಷ್ಟು ಸಮಯ ಉಳಿಸುತ್ತೆ, ಎಷ್ಟು ಹೊತ್ತಲ್ಲಿ ತನ್ನ ಬೆಲೆ ತಾನೇ ತೀರಿಸುತ್ತೆ?’ ಅಂತ ಕೇಳಿ. ನಮ್ಮ ಮ್ಯಾನೇಜ್‌ಮೆಂಟ್ ಪೇಪರಲ್ಲಿ ಬರೋ ಪೇಬ್ಯಾಕ್ ಪೀರಿಯಡ್ ಲೆಕ್ಕವೇ ಇದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನನಗೆ ಅರ್ಥ ಆಗಿದ್ದು ಈ ಆಟದಲ್ಲಿ.

1. ಸಿಮಿಟರ್

ಈ ಆಟ ನಡೆಯೋದು ‘ಟಿಕ್’ ಲೆಕ್ಕದಲ್ಲಿ. ಒಂದು ಟಿಕ್ ಅಂದ್ರೆ 0.6 ಸೆಕೆಂಡ್. ಬಾಗಿದ ಕತ್ತಿ ಸಿಮಿಟರ್ 4 ಟಿಕ್‌ಗೆ ಒಂದು ಏಟು ಹೊಡೆಯುತ್ತೆ, ಅಂದ್ರೆ 2.4 ಸೆಕೆಂಡ್. ಎರಡು ಕೈಯಲ್ಲಿ ಹಿಡಿಯೋ ದೊಡ್ಡ ಕತ್ತಿಗೆ 7 ಟಿಕ್, ಅಂದ್ರೆ 4.2 ಸೆಕೆಂಡ್. ನಿಮಿಷಕ್ಕೆ ಸಿಮಿಟರ್ 25 ಏಟು, ದೊಡ್ಡ ಕತ್ತಿ ಸುಮಾರು 14. ನೋಡೋಕೆ ದೊಡ್ಡದು ಚೆನ್ನಾಗಿದೆ ನಿಜ, ಆದರೆ ಹಸು, ಗಾಬ್ಲಿನ್‌ಗಳನ್ನ ನೂರಾರು ಹೊಡೆಯೋ ಕೆಲಸಕ್ಕೆ ವೇಗವೇ ಮುಖ್ಯ.

ಎಲ್ಲಾ ಲೋಹದ್ದೂ ಕೊಳ್ಳಬೇಕಿಲ್ಲ. ಅಟ್ಯಾಕ್ ಲೆವೆಲ್ 5ಕ್ಕೆ ಸ್ಟೀಲ್, 20ಕ್ಕೆ ಮಿಥ್ರಿಲ್, 30ಕ್ಕೆ ಅಡಮಂಟ್, 40ಕ್ಕೆ ರೂನ್ ಹಿಡಿಯಬಹುದು. ‘ವ್ಯಾಂಪೈರ್ ಸ್ಲೇಯರ್’ ಅನ್ನೋ ಕ್ವೆಸ್ಟ್ 4,825 ಅಟ್ಯಾಕ್ ಎಕ್ಸ್‌ಪಿ ಕೊಡುತ್ತೆ. ಲೆವೆಲ್ 20ಕ್ಕೆ ಬೇಕಿರೋದು 4,470. ಅಂದ್ರೆ ಆ ಒಂದು ಕ್ವೆಸ್ಟ್ ಮುಗಿಸಿದರೆ ನೇರವಾಗಿ ಮಿಥ್ರಿಲ್. ಹಾಗಾಗಿ ಕಂಚು, ಕಬ್ಬಿಣ ಬಿಟ್ಟು ಸ್ಟೀಲ್ ಕೊಳ್ಳಿ (400 ಜಿಪಿ), ಆ ಕ್ವೆಸ್ಟ್ ಮುಗಿಸಿ, ಆಮೇಲೆ ಮಿಥ್ರಿಲ್ (1,040 ಜಿಪಿ). ಎರಡೂ ಅಲ್ ಖರಿದ್ ಊರಿನ ಝೀಕ್ ಅಂಗಡಿಯಲ್ಲಿ ಸಿಗುತ್ತವೆ.

2. ಸ್ಟಾಫ್ ಆಫ್ ಫೈರ್

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ಒಳ್ಳೇ ಖರೀದಿ ಇದು. ವರಾಕ್ ಊರಿನ ಝ್ಯಾಫ್ ಅಂಗಡಿಯಲ್ಲಿ 1,500 ಜಿಪಿ. ಈ ಕೋಲು ಕೈಯಲ್ಲಿದ್ದರೆ ಫೈರ್ ರೂನ್ ಕೊಳ್ಳೋದೇ ಬೇಡ, ಎಷ್ಟು ಬೇಕಾದರೂ ಪುಕ್ಕಟೆ.

ಲೆಕ್ಕ ಮಾಡೋಣ. ಮ್ಯಾಜಿಕ್ ಲೆವೆಲ್ 13ಕ್ಕೆ ಸಿಗೋ ‘ಫೈರ್ ಸ್ಟ್ರೈಕ್’ ಮಂತ್ರಕ್ಕೆ 3 ಫೈರ್, 2 ಏರ್, 1 ಮೈಂಡ್ ರೂನ್ ಬೇಕು. ರೂನ್ ಒಂದಕ್ಕೆ ಸುಮ್ಮನೆ 5 ಜಿಪಿ ಅಂತ ಇಟ್ಕೊಳ್ಳಿ. ಕೋಲು ಇಲ್ಲದಿದ್ದರೆ ಒಂದು ಮಂತ್ರಕ್ಕೆ 30, ಇದ್ದರೆ 15. ಪ್ರತಿ ಸಲ 15 ಉಳಿತಾಯ. 1,500ನ್ನ 15ರಿಂದ ಭಾಗಿಸಿದರೆ 100 ಮಂತ್ರ. ಒಂದಕ್ಕೆ 3 ಸೆಕೆಂಡ್, ನೂರಕ್ಕೆ 300 ಸೆಕೆಂಡ್. ಅಂದ್ರೆ ಐದೇ ನಿಮಿಷದಲ್ಲಿ ಕೋಲಿನ ದುಡ್ಡು ವಾಪಸ್!

ಎಲ್ಲರೂ ಮೊದಲು ಸ್ಟಾಫ್ ಆಫ್ ಏರ್ ಕೊಳ್ತಾರೆ, ಬೆಲೆ ಅಷ್ಟೇ. ಆದರೆ ಫೈರ್ ಸ್ಟ್ರೈಕ್‌ನಲ್ಲಿ ಅದು ಉಳಿಸೋದು ಎರಡು ರೂನ್, ಇದು ಮೂರು. ಮುಂದೆ ಲೆವೆಲ್ 55ರ ‘ಹೈ ಆಲ್ಕೆಮಿ’ ಮಂತ್ರಕ್ಕೆ 5 ಫೈರ್ ರೂನ್ ಬೇಕು, ಅಲ್ಲೂ ಇದೇ ಕೋಲು ಕೆಲಸಕ್ಕೆ ಬರುತ್ತೆ.

3. ಕ್ರಾನಿಕಲ್

ಹೊಸಬರ ಅರ್ಧ ಆಯಸ್ಸು ನಡೆಯೋದರಲ್ಲೇ ಹೋಗುತ್ತೆ. ಪುಕ್ಕಟೆ ಹೋಮ್ ಟೆಲಿಪೋರ್ಟ್ ಒಮ್ಮೆ ಬಳಸಿದರೆ ಮತ್ತೆ 30 ನಿಮಿಷ ಕಾಯಬೇಕು. ವರಾಕ್ ಟೆಲಿಪೋರ್ಟ್ ಮಂತ್ರಕ್ಕೆ ಮ್ಯಾಜಿಕ್ 25 ಆಗಬೇಕು. ಅಲ್ಲಿವರೆಗೆ ಡ್ರೇನರ್ ಊರಲ್ಲಿ ಡಿಯಾಂಗೋ ಹತ್ತಿರ ‘ಕ್ರಾನಿಕಲ್’ ಪುಸ್ತಕ ತಗೊಳ್ಳಿ: 300 ಜಿಪಿ, ಅದಕ್ಕೆ ಹಾಕೋ ಕಾರ್ಡ್ ಒಂದಕ್ಕೆ 150. ಒಂದು ಕಾರ್ಡ್ ಅಂದ್ರೆ ಒಂದು ಪ್ರಯಾಣ, ವರಾಕ್ ಪಕ್ಕದ ಚಾಂಪಿಯನ್ಸ್ ಗಿಲ್ಡ್ ಬಾಗಿಲಿಗೆ. ಮ್ಯಾಜಿಕ್ ಲೆವೆಲ್ ಬೇಕಿಲ್ಲ. ವರಾಕ್‌ನಲ್ಲೇ ದೊಡ್ಡ ಮಾರುಕಟ್ಟೆ ‘ಗ್ರ್ಯಾಂಡ್ ಎಕ್ಸ್‌ಚೇಂಜ್’ ಇರೋದರಿಂದ ಹತ್ತು ಕಾರ್ಡ್ ಹೇಗೂ ಖರ್ಚಾಗುತ್ತವೆ.

4. ನಾಲ್ಕು ಮಣಿ

‘ಇಂಪ್ ಕ್ಯಾಚರ್’ ಕ್ವೆಸ್ಟ್‌ಗೆ ಕೆಂಪು, ಹಳದಿ, ಕಪ್ಪು, ಬಿಳಿ ಮಣಿ ಒಂದೊಂದು ಬೇಕು. ಇಂಪ್‌ಗಳನ್ನ ಕೊಂದು ಹುಡುಕಿದರೆ ಗಂಟೆಗಟ್ಟಲೆ ಆಗಬಹುದು, ಅದೃಷ್ಟ ಬೇಕು. ಗ್ರ್ಯಾಂಡ್ ಎಕ್ಸ್‌ಚೇಂಜಲ್ಲಿ ಕೊಂಡರೆ ಕ್ವೆಸ್ಟ್ ಕೆಲವೇ ನಿಮಿಷದ್ದು. ಸಿಗೋದು 875 ಮ್ಯಾಜಿಕ್ ಎಕ್ಸ್‌ಪಿ, ಒಂದರಿಂದ ನೇರ ಲೆವೆಲ್ 8. ಮಣಿ ಬೆಲೆ ಏರಿಳಿಯುತ್ತೆ. ಜಾಸ್ತಿ ಇದ್ದ ದಿನ ಬಿಟ್ಟು ಕಡಿಮೆ ಆದಾಗ ತಗೊಳ್ಳಿ.

ಗ್ರ್ಯಾಂಡ್ ಎಕ್ಸ್‌ಚೇಂಜ್ ಅಂದ್ರೆ ಅಂಗಡಿ ಅಲ್ಲ, ಮಂಡಿ ಇದ್ದ ಹಾಗೆ. ಕೊಳ್ಳೋರು ಬೆಲೆ ಹೇಳ್ತಾರೆ, ಮಾರೋರು ಬೆಲೆ ಹೇಳ್ತಾರೆ, ಹೊಂದಿದಾಗ ವ್ಯಾಪಾರ. ಮಾರೋರ ಕೈಯಿಂದ 2% ತೆರಿಗೆ ಹೋಗುತ್ತೆ. ಹೊಸ ಉಚಿತ ಅಕೌಂಟ್‌ಗಳಿಗೆ ವ್ಯಾಪಾರದಲ್ಲಿ ಕೆಲವು ತಡೆಗಳಿವೆ. 20 ಗಂಟೆ ಆಟ, ಒಟ್ಟು ಲೆವೆಲ್ 100, 10 ಕ್ವೆಸ್ಟ್ ಪಾಯಿಂಟ್ ಆದರೆ ತಡೆ ಹೋಗುತ್ತೆ. ಜಗಳವೇ ಇಲ್ಲದ ‘ರೋಮಿಯೋ ಅಂಡ್ ಜೂಲಿಯೆಟ್’ ಒಂದರಲ್ಲೇ 5 ಪಾಯಿಂಟ್ ಇದೆ, ಅದನ್ನ ಬೇಗ ಮುಗಿಸಿ.

ಬಜೆಟ್ ಹಾಳೆ

ಸ್ಟೀಲ್ ಸಿಮಿಟರ್: 400
ಮಿಥ್ರಿಲ್ ಸಿಮಿಟರ್: 1,040
ಸ್ಟಾಫ್ ಆಫ್ ಫೈರ್: 1,500
ಕ್ರಾನಿಕಲ್: 300
10 ಕಾರ್ಡ್: 1,500
150 ಫೈರ್ ಸ್ಟ್ರೈಕ್‌ಗೆ ಏರ್, ಮೈಂಡ್ ರೂನ್: 2,250
ಒಟ್ಟು: 6,990
ಉಳಿಕೆ: 3,010

ಉಳಿದ ಮೂರು ಸಾವಿರದಲ್ಲಿ ಮಣಿ ನೋಡಿ, ಉಳಿದದ್ದು ಕೈಯಲ್ಲಿರಲಿ. ಊಟಕ್ಕೆ ಖರ್ಚು ಬೇಡ, ಮೀನು ನೀವೇ ಹಿಡಿದು ಬೇಯಿಸಿ, ಆ ಎರಡು ಸ್ಕಿಲ್ಲೂ ಏರುತ್ತೆ.

ಇದಾದ್ಮೇಲೆ ಗುರಿ ರೂನ್ ಸಿಮಿಟರ್. ಅಡಮಂಟ್ ಸಿಮಿಟರ್‌ನ ಸ್ಟ್ರೆಂತ್ ಬೋನಸ್ 28, ರೂನ್‌ದು 44. ದೊಡ್ಡ ಜಿಗಿತ. ಹೈ ಆಲ್ಕೆಮಿ ಮಾಡಿದರೆ ಈ ಕತ್ತಿ 15,360 ಜಿಪಿ ಆಗುತ್ತೆ. ಆದ್ದರಿಂದ ಮಾರುಕಟ್ಟೆ ಬೆಲೆ ಅದಕ್ಕಿಂತ ತುಂಬಾ ಕೆಳಗೆ ಬೀಳಲ್ಲ. ಬೇಡ ಅಂದಾಗ ಮಾರಿದರೆ ತೆರಿಗೆ ಸುಮಾರು 300 ಹೋಗುತ್ತೆ, ಉಳಿದದ್ದು ವಾಪಸ್. ಅಂದ್ರೆ ಇದು ಖರ್ಚಲ್ಲ, ಡೆಪಾಸಿಟ್.

ನಾನು ಮುಳುಗಿದ ಕಥೆ

ಎರಡು ವಾರ ಹಸು ಚರ್ಮ ಮಾರಿ ಸುಮಾರು 38 ಸಾವಿರ ಕೂಡಿಸಿದ್ದೆ. ಎಲ್ಲಾ ಕೊಟ್ಟು ರೂನ್ ಪ್ಲೇಟ್‌ಬಾಡಿ ಕೊಂಡೆ. ಡಿಫೆನ್ಸ್ 40 ಆಗಿತ್ತು, ಖುಷಿಯಿಂದ ಹಾಕೋಕೆ ಹೋದರೆ ಆಗಲಿಲ್ಲ! ಅದಕ್ಕೆ ‘ಡ್ರಾಗನ್ ಸ್ಲೇಯರ್’ ಕ್ವೆಸ್ಟ್ ಮುಗಿಸಿರಬೇಕು, ಆ ಕ್ವೆಸ್ಟ್ ಶುರು ಮಾಡೋಕೇ 32 ಕ್ವೆಸ್ಟ್ ಪಾಯಿಂಟ್ ಬೇಕು. ನನ್ನ ಹತ್ತಿರ ಏಳಿತ್ತು. ಆ ಹೊತ್ತಲ್ಲೇ ಮಾರಿದ್ದರೆ ತೆರಿಗೆ 760 ಅಷ್ಟೇ ಹೋಗ್ತಿತ್ತು. ನಾನು ಮಾರಲಿಲ್ಲ. ಮಾರುಕಟ್ಟೆ ಹತ್ತಿರ ಪೆಚ್ಚಾಗಿ ನಿಂತಿದ್ದಾಗ ಒಬ್ಬ ಬಂದು, ‘ಕೊಡು, ಫ್ರೀಯಾಗಿ ಟ್ರಿಮ್ ಮಾಡಿ ಚಿನ್ನದ ಅಂಚು ಹಾಕಿಕೊಡ್ತೀನಿ, ಬೆಲೆ ಜಾಸ್ತಿ ಆಗುತ್ತೆ’ ಅಂದ. ಕೊಟ್ಟೆ. ಅವನು ಮಾಯ.

ಆಮೇಲೆ ಗೊತ್ತಾಯ್ತು, ಈ ಆಟದಲ್ಲಿ ಆರ್ಮರ್ ಟ್ರಿಮ್ ಮಾಡೋ ಸ್ಕಿಲ್ಲೇ ಇಲ್ಲ. ಅಂಥ ಆರ್ಮರ್ ಬರೋದು ಕ್ಲೂ ಸ್ಕ್ರೋಲ್ ಬಹುಮಾನವಾಗಿ. ಅತಿ ಹಳೇ ಮೋಸಗಳಲ್ಲಿ ಇದೂ ಒಂದು. ‘ದುಡ್ಡು ಕೊಟ್ಟರೆ ಡಬಲ್ ಮಾಡಿಕೊಡ್ತೀನಿ’ ಅನ್ನೋದು ಇದರ ಅಣ್ಣ.

ಅವತ್ತು ರಾತ್ರಿ ನನಗೆ ಬಂದ ಯೋಚನೆ ಇನ್ನೂ ಅಪಾಯದ್ದು: ನಿಜವಾದ ದುಡ್ಡು ಕೊಟ್ಟು ಜಿಪಿ ತಗೊಂಡುಬಿಡೋಣ ಅಂತ. ಹೊರಗಿನ ಮಾರಾಟಗಾರರಿಂದ ಜಿಪಿ ಕೊಳ್ಳೋದು ನಿಯಮಕ್ಕೆ ವಿರುದ್ಧ, ಅಕೌಂಟೇ ಹೋಗಬಹುದು. ಜಾಗೆಕ್ಸ್ ಮಾರೋ ‘ಬಾಂಡ್’ ನಿಯಮದ ಒಳಗೇ ಇದೆ, ಒಂದಕ್ಕೆ 14 ದಿನದ ಮೆಂಬರ್‌ಶಿಪ್ ಸಿಗುತ್ತೆ, ಆಟದಲ್ಲಿ ಮಾರಿ ಜಿಪಿನೂ ಮಾಡಿಕೊಳ್ಳಬಹುದು. ಆದರೆ ಮನೆಯವರು ಮೆಸ್ ಬಿಲ್‌ಗೆ ಕಳಿಸಿದ ದುಡ್ಡು ಅದಕ್ಕಲ್ಲ. ಅಲ್ಲದೆ ಲೆವೆಲ್ ಇಲ್ಲದೆ ಕೊಂಡ ವಸ್ತು ನನ್ನ ಪ್ಲೇಟ್‌ಬಾಡಿ ತರಹವೇ, ಬ್ಯಾಂಕಲ್ಲಿ ಕೂತಿರುತ್ತೆ.

ಹಾಗಾಗಿ ಏನೇ ಕೊಳ್ಳೋ ಮುಂಚೆ ಮೂರು ವಿಷಯ ನೋಡಿ. ಇದನ್ನ ಇವತ್ತೇ ಬಳಸೋಕೆ ನನಗೆ ಲೆವೆಲ್, ಕ್ವೆಸ್ಟ್ ಎರಡೂ ಆಗಿದೆಯಾ? ಎಷ್ಟು ಹೊತ್ತಲ್ಲಿ ತನ್ನ ಬೆಲೆ ತೀರಿಸುತ್ತೆ? ಬೇಡ ಅಂದಾಗ ಮಾರಿದರೆ ಎಷ್ಟು ವಾಪಸ್ ಬರುತ್ತೆ? ಮೂರಕ್ಕೂ ಉತ್ತರ ಸಿಕ್ಕರೆ ಧೈರ್ಯವಾಗಿ ಕೊಳ್ಳಿ.

ಉಳಿದಿರೋ ನಾವಿಬ್ಬರು ಶನಿವಾರ ರಾತ್ರಿ ಆಡ್ತಾ ಇರ್ತೀವಿ. ಶುರು ಮಾಡಿದವರು ಬನ್ನಿ, ಸ್ಟ್ರಾಂಗ್‌ಹೋಲ್ಡ್‌ಗೆ ಜೊತೆಗೆ ಹೋಗೋಣ. ಮೀನು ಮಾತ್ರ ನೀವೇ ತರಬೇಕು.