ಆ ಡ್ರಮ್ಮಿಗೆ ಬೇರೇನೂ ಸುರಿಯಬೇಡ

ಅಳಿಯಾ, ಬಂಗಾರಪೇಟೆಯಲ್ಲಿ ನಿನ್ನ ಗ್ಯಾರೇಜಿನ ಪೂಜೆಗೆ ಬಂದಿದ್ದಾಗ ಹಿಂದುಗಡೆ ಶೆಡ್ಡಿಗೂ ಒಂದು ಸುತ್ತು ಹೋಗಿಬಂದೆ. ನಿನ್ನ ಹುಡುಗ ಟಿಪ್ಪರೊಂದರ ಆಯಿಲ್ ಇಳಿಸಿ ಡ್ರಮ್ಮಿಗೆ ಸುರಿದ, ಸರಿ. ಅದರ ಹಿಂದೆಯೇ ಪಾರ್ಟ್ಸ್ ತೊಳೆದ ಡೀಸೆಲ್ಲು, ರೇಡಿಯೇಟರಿನ ಹಸಿರು ಕೂಲಂಟು, ಎಲ್ಲಾನೂ ಅದರೊಳಕ್ಕೇ ಹಾಕಿದ. ಶುಭದಿನ ಬೈಯಬಾರದು ಅಂತ ಸುಮ್ಮನಿದ್ದೆ. ಈಗ ಹೇಳ್ತೀನಿ, ಕೇಳು.

ನಾವೆಲ್ಲ ಅದನ್ನ ವೇಸ್ಟ್ ಆಯಿಲ್ ಅಂತೀವಿ. ಆ ಹೆಸರೇ ತಪ್ಪು. ಎಂಜಿನ್ನಲ್ಲಿ ಓಡಿ ಓಡಿ ಅದಕ್ಕೆ ಮಸಿ, ಲೋಹದ ಪುಡಿ, ನೀರು ಸೇರಿಕೊಂಡಿರುತ್ತೆ, ಕಂಪನಿಯವರು ಹಾಕಿದ್ದ ಅಡಿಟಿವ್ ತೀರಿಹೋಗಿರುತ್ತೆ. ಮೂಲದ ಎಣ್ಣೆ ಮಾತ್ರ ಬಹುಪಾಲು ಹಾಗೇ ಉಳಿದಿರುತ್ತೆ. ರೀ-ರಿಫೈನಿಂಗ್ ಕಾರ್ಖಾನೆಯಲ್ಲಿ ಮೊದಲು ಕಾಯಿಸಿ ನೀರು, ಡೀಸೆಲ್ ಹಾರಿಸ್ತಾರೆ. ಆಮೇಲೆ ವ್ಯಾಕ್ಯೂಮ್‌ನಲ್ಲಿ ಬಟ್ಟಿ ಇಳಿಸ್ತಾರೆ. ಗಾಳಿ ಎಳೆದುಬಿಟ್ಟ ಪಾತ್ರೆಯಲ್ಲಿ ಎಣ್ಣೆ ಕಡಿಮೆ ಕಾವಿಗೇ ಆವಿಯಾಗುತ್ತೆ, ಸೀಯಲ್ಲ. ತಳದಲ್ಲಿ ಡಾಂಬರಿನಂಥ ಗಸಿ ನಿಲ್ಲುತ್ತೆ. ಮೇಲೆ ಬಂದದ್ದನ್ನ ಜೇಡಿಮಣ್ಣಿನಿಂದಲೋ ಹೈಡ್ರೋಜನ್ನಿನಿಂದಲೋ ತಿಳಿಮಾಡಿದರೆ ಬೇಸ್ ಆಯಿಲ್. ಅಮೆರಿಕದ ಪರಿಸರ ಇಲಾಖೆಯ ಲೆಕ್ಕ ನೋಡು: 159 ಲೀಟರ್ ಕಚ್ಚಾ ತೈಲದಿಂದ ಸಿಗುವಷ್ಟು ಲೂಬ್ರಿಕೇಟಿಂಗ್ ಆಯಿಲ್ ಸುಮಾರು 4 ಲೀಟರ್ ಬಳಸಿದ ಆಯಿಲ್‌ನಿಂದಲೇ ಸಿಗುತ್ತೆ. ಒಂದು ಲಾರಿ ಎಂಜಿನ್ನಿಂದ ನೀನು ಎಷ್ಟು ಇಳಿಸ್ತೀಯ, ನೀನೇ ಲೆಕ್ಕ ಹಾಕು.

ಆದರೆ ಅಷ್ಟು ದೊಡ್ಡ ಕಾರ್ಖಾನೆಯ ಕೆಲಸ ಕೆಡೋದು ನಿನ್ನ ಹುಡುಗನ ಬಕೆಟ್ಟಿನಿಂದ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಬೇರೆ, ವೇಸ್ಟ್ ಆಯಿಲ್ ಬೇರೆ. ಬಳಸಿದ ಆಯಿಲ್ ಅನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಸೀಸ 100 ಪಿಪಿಎಂ ದಾಟಬಾರದು, ಪಿಸಿಬಿ ಅನ್ನೋ ವಿಷ 2 ಪಿಪಿಎಂ ದಾಟಬಾರದು. ಪಿಸಿಬಿ ಇರೋದು ಹಳೇ ಟ್ರಾನ್ಸ್‌ಫಾರ್ಮರ್ ಆಯಿಲ್‌ಗಳಲ್ಲಿ. ಯಾರಾದರೂ ಕ್ಯಾನಿನಲ್ಲಿ ತಂದು 'ಇದನ್ನೂ ಸೇರಿಸ್ಕೊಳ್ಳಣ್ಣ' ಅಂದರೆ ಒಂದು ಲೋಟಾನೂ ಮುಟ್ಟಬೇಡ. ಎಕ್ಸ್‌ಕವೇಟರ್ ಬಂದರೆ ಅದರ ಹೈಡ್ರಾಲಿಕ್ ಆಯಿಲ್‌ಗೆ ಬೇರೆ ಡ್ರಮ್ ಇಡು, ಅದು ಎಂಜಿನ್ ಆಯಿಲ್‌ಗಿಂತ ಎಷ್ಟೋ ಶುದ್ಧ.

ನನ್ನ ಹುಡುಗತನದಲ್ಲಿ ನಾನಿದ್ದ ಗ್ಯಾರೇಜಲ್ಲಿ ಎಲ್ಲಾನೂ ಹಿಂದಿನ ಗುಂಡಿಗೆ ಸುರೀತಿದ್ವಿ. ನಾನೇ ಸುರಿದಿದ್ದೀನಿ. ಮೊದಲ ಮಳೆಗೆ ಬಣ್ಣಬಣ್ಣದ ಪೊರೆ ತೇಲಿಕೊಂಡು ಪಕ್ಕದ ಹೊಲದ ಬಾವಿಗಿಳೀತು. ಆ ಹೊಲದಜ್ಜಿ ಬಿಂದಿಗೆ ಹಿಡಿದು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟುತ್ತೆ. ನಮ್ಮದು ವರ್ಷಪೂರ್ತಿ ಹರಿಯೋ ನದಿಯಿಲ್ಲದ ಜಿಲ್ಲೆ ಕಣಪ್ಪ. ಕೆರೆ ಬಿಟ್ಟರೆ ಸಾವಿರ ಅಡಿ ಬೋರ್‌ವೆಲ್. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನ ದಿನಾ ನೋಡ್ತೀಯಲ್ಲ? ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಚಿನ್ನ ಹೋಯ್ತು, ಕೆಲಸ ಹೋಯ್ತು, ಗಾಳಿ ಎದ್ದರೆ ಆ ಧೂಳು ಮಾತ್ರ ಇವತ್ತಿಗೂ ಮನೆಯೊಳಕ್ಕೆ ಬರುತ್ತೆ.

ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡ್ತೀನಿ ಅಂತ ಬರುವವನು ಅದನ್ನ ಯಾವುದೋ ಭಟ್ಟಿಗೆ ಉರಿಸೋಕೆ ಮಾರ್ತಾನೆ. ಅದರ ಹೊಗೆ ಕುಡಿಯೋರು ನಮ್ಮ ಮಕ್ಕಳೇ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವನಿಗೆ ಮಾತ್ರ ಕೊಡು, ಮ್ಯಾನಿಫೆಸ್ಟ್ ಚೀಟಿ ಇಸ್ಕೊಂಡು ಫೈಲಿಗೆ ಹಾಕು. 2024ರ ಏಪ್ರಿಲ್ 1ರಿಂದ ಹೊಸ ಆಯಿಲ್ ಮಾರುವ ಕಂಪನಿಗಳ ಮೇಲೇ ಮರುಬಳಕೆಯ ಹೊಣೆ ಬಿದ್ದಿದೆ. ಮೊದಲ ವರ್ಷ ಶೇ. 5, ಅದು ಏರುತ್ತಾ ಶೇ. 50ಕ್ಕೆ ಹೋಗಬೇಕು. ಅಂದಮೇಲೆ ಶುದ್ಧವಾಗಿ ಇಟ್ಟವನ ಮಾಲಿಗೆ ಗಿರಾಕಿ ಇದ್ದೇ ಇರ್ತಾನೆ.

ಭಾನುವಾರ ಬರ್ತೀನಿ. ಒಂದು ಹಳೇ ಕಬ್ಬಿಣದ ತಟ್ಟೆ ಇಟ್ಟಿರು. ಕಾದ ತಟ್ಟೆಗೆ ಆಯಿಲ್ ಒಂದೇ ಒಂದು ತೊಟ್ಟು ಬಿಟ್ಟರೆ, ನೀರಿದ್ದರೆ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತೆ. ಹುಡುಗನ ಕೈಲೇ ಮಾಡಿಸೋಣ, ಅವನ ಕಿವಿಗೇ ಕೇಳಲಿ. ಅಲ್ಲಿವರೆಗೆ ಡ್ರಮ್ಮನ್ನ ತಗಡಿನ ಕೆಳಗೆ, ಸಿಮೆಂಟ್ ನೆಲದ ಮೇಲೆ ಎಳೆಸಿ ಮುಚ್ಚಳ ಬಿಗಿ ಮಾಡು, ಮೋಡ ಕಟ್ಟಿದೆ.